ಸರ್ಕಾರಿ ಶಾಲೆಯೂ ಮಗುವಿನ ಮನಸ್ಸೂ



ಜೀವಮಾನವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿವೇತನದಲ್ಲಿ ಉಳಿಸಿದ ಹಣವನ್ನು ಮಕ್ಕಳ ಶ್ರೇಯಸ್ಸನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಲೆಂದು ಮುಡಿಪಾಗಿಟ್ಟ ಮಹನೀಯರ ಸ್ಮರಣೆಯಲ್ಲಿ ಮಾತನಾಡುವ ಅವಕಾಶವನ್ನು ನನಗೆ ಒದಗಿಸಿಕೊಟ್ಟ ಕಾರ್ಯಸಮಿತಿಯವರಿಗೆ ಮೊದಲು ನನ್ನ ಕೃತಜ್ಞತೆಯನ್ನು ಅರ್ಪಿಸುತ್ತೇನೆ. ಆ ಮಹನೀಯರ ಸಂಕಲ್ಪಕ್ಕೆ ಸಲ್ಲತಕ್ಕದ್ದೆಂದು ನಾನು ಇಂದು ಆರಿಸಿಕೊಂಡಿರುವ ವಿಷಯ, ನಮ್ಮ ಸರ್ಕಾರಿ ಶಾಲೆಗಳಲ್ಲಿ ಓದುವ ಮಕ್ಕಳ ಮನಸ್ಸಿಗೂ ನಡವಳಿಕೆಗೂ ಶಾಲೆಯೊಳಗೇ ದೊರೆಯಬೇಕಾದ ಆಸರೆಯನ್ನು ಕುರಿತದ್ದು.

ಹಸಿದ ಮಗುವಿಗೆ ಪಾಠ ಹತ್ತದೆಂಬ ಸತ್ಯವನ್ನು ನಮ್ಮ ನಾಡು ಒಪ್ಪಿಕೊಂಡು ಬಹುಕಾಲವಾಯಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹದ ಬಿಸಿಯೂಟ ಇಂದು ನಾಡಿನ ಉದ್ದಗಲಕ್ಕೂ ನಡೆಯುತ್ತಿದೆ. 2013ರಲ್ಲಿ ಕ್ಷೀರಭಾಗ್ಯ ಬಂದಿತು. ಅದೇ ವರ್ಷ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಕಣ್ಣು, ಕಿವಿ, ಹಲ್ಲು, ರಕ್ತಹೀನತೆಗಳನ್ನು ನೋಡಿ ಹೋಗುತ್ತದೆ. ಅನ್ನ, ಹಾಲು, ಸಮವಸ್ತ್ರ, ಔಷಧಗಳು ಅಂಗಳದ ಹೊರಗಣ ದಾನಗಳಾಗಿ ಉಳಿಯದೆ ಶಿಕ್ಷಣದ ಅಂಗಗಳೇ ಆದವು. ದೇಹದ ವಿಷಯದಲ್ಲಿ ನಾವು ಗ್ರಹಿಸಿದ ಈ ನ್ಯಾಯವನ್ನು ಮನಸ್ಸಿನ ವಿಷಯದಲ್ಲಿಯೂ ಒಪ್ಪಿ ಆಚರಿಸಬೇಕು. ಅದಕ್ಕಾಗಿ ಪ್ರತಿಯೊಂದು ಸರ್ಕಾರಿ ಶಾಲೆಯ ಮಕ್ಕಳಿಗೂ, ಅವರ ಮಾತನ್ನು ಕೇಳುವುದೇ ಕೆಲಸವಾದ ಒಬ್ಬ ವ್ಯಕ್ತಿ, ಆ ಕೆಲಸಕ್ಕೇ ಮೀಸಲಾದ ವೇಳೆಯಲ್ಲಿ ದೊರೆಯಬೇಕು. ನಾನು ಇಂದು ನಿವೇದಿಸಬೇಕೆಂದಿರುವುದು ಇಷ್ಟು. ಉಳಿದ ಮಾತುಗಳೆಲ್ಲ ಇದರ ಸಮರ್ಥನೆ.

ಮನಸ್ಸು ನೊಂದ ಮಗು ತನ್ನ ನೋವನ್ನು ಹೆಸರಿಟ್ಟು ಹೇಳುವುದಿಲ್ಲ. ಹೇಳಲು ಅದಕ್ಕೆ ಬರುವುದಿಲ್ಲ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬರುವ ಹೊಟ್ಟೆನೋವು, ಪಕ್ಕದವನ ಪುಸ್ತಕವನ್ನು ಕಾರಣವಿಲ್ಲದೆ ಹರಿಯುವ ಕೈ, ಮನೆಯಲ್ಲಿ ಅರಳು ಹುರಿದಂತೆ ಮಾತನಾಡಿ ತರಗತಿಯಲ್ಲಿ ವರ್ಷವಿಡೀ ತುಟಿ ಬಿಚ್ಚದಿರುವ ಮೌನ, ಏಳನೆಯ ತರಗತಿಗೆ ಬಂದರೂ ಒತ್ತಕ್ಷರ ಕಂಡೊಡನೆ ನೀರು ಕುಡಿಯಲು ಹೋಗುವ ನೆಪ, ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬೀಳುವ ಹುಡುಗಿ, ಬೀಡಿಯನ್ನೋ ಗುಟ್ಕಾವನ್ನೋ ಜೇಬಿನಲ್ಲಿ ಬಚ್ಚಿಟ್ಟುಕೊಂಡ ಹುಡುಗ, ಇವೆಲ್ಲವೂ ಒಂದೊಂದು ಅಹವಾಲು. ಇವುಗಳ ಹಿಂದೆ ಇರುವುದು ಒಮ್ಮೆ ಕಲಿಕೆಯ ನ್ಯೂನತೆ, ಒಮ್ಮೆ ಚಿತ್ತಚಾಂಚಲ್ಯ, ಒಮ್ಮೆ ಖಿನ್ನತೆ, ಒಮ್ಮೆ ಮನೆಯಲ್ಲಿ ಕುಡಿದು ಬರುವ ತಂದೆಯ ಭಯ, ಮತ್ತೊಮ್ಮೆ ಬಾಯಿಬಿಟ್ಟು ಹೇಳಲಾಗದ ದೌರ್ಜನ್ಯ. ಊರು ಇವಕ್ಕೆ ತನಗೆ ತಿಳಿದ ಹೆಸರುಗಳನ್ನು ಕೊಡುತ್ತದೆ: ದೃಷ್ಟಿಯಾಗಿದೆ, ಗಾಳಿ ಸೋಕಿದೆ, ಸೊಕ್ಕು ಬಂದಿದೆ, ದಡ್ಡ. ಮೊದಲೆರಡು ಹೆಸರುಗಳಿಗೆ ತಾಯತವೂ, ಕೊನೆಯ ಎರಡಕ್ಕೆ ಬೆತ್ತವೂ ಪರಿಹಾರವಾಗಿ ಬಂದಿವೆ. ಬೆತ್ತವನ್ನು ಕಾನೂನು ನಿಷೇಧಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಬೆತ್ತವನ್ನು ಕಸಿದುಕೊಂಡ ಕೈಗೆ ಬೇರೊಂದು ಉಪಾಯವನ್ನು ನಾವು ಕೊಟ್ಟಿಲ್ಲ. ಹೊಡೆಯಕೂಡದೆಂದು ತಿಳಿದಿರುವ ಉಪಾಧ್ಯಾಯರಿಗೆ, ಹೊಡೆಯದೆ ಏನು ಮಾಡಬೇಕೆಂಬುದನ್ನು ಕಲಿಸುವ ಹೊಣೆಯೂ ನಮ್ಮದೇ ಆಗಿದ್ದಿತು.

ಇಂಥ ಮಕ್ಕಳು ಎಷ್ಟು ಮಂದಿ ಎಂಬ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ಮಾಡಿದ ಎಣಿಕೆಯ ಉತ್ತರವಿದೆ. ಬೆಂಗಳೂರಿನ ನಗರ, ಕೊಳೆಗೇರಿ, ಗ್ರಾಮಭಾಗಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವು, ಹದಿನಾರು ವರ್ಷದೊಳಗಿನವರಲ್ಲಿ ಶೇಕಡಾ 12.5ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿರುವುದನ್ನು ಕಂಡಿತು. ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಇಂಥ ತೊಂದರೆಯ ಪ್ರಮಾಣ ಶೇಕಡಾ 7.3. ಅಳತೆಗೋಲುಗಳು ಬೇರೆಯಾದುದರಿಂದ ಅಂಕಿಗಳೂ ಬೇರೆಯಾಗಿವೆ. ಆದರೆ ಕಡಿಮೆಯ ಅಂಕಿಯನ್ನೇ ಹಿಡಿದರೂ, ಮೂವತ್ತು ಮಂದಿಯ ತರಗತಿಯಲ್ಲಿ ಇಬ್ಬರು ಮಕ್ಕಳು ಆಸರೆಗಾಗಿ ಕಾದಿರುವರೆಂದಾಯಿತು. ಆ ಇಬ್ಬರನ್ನು ಊರಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ದಿನವೂ ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ಕೂಗುತ್ತಿದ್ದೇವೆ. ಮನೋವೈದ್ಯರ ಬಾಗಿಲಿಗೆ ಎಂದೂ ಹೋಗದ, ಹೋಗಲು ಬಸ್ಸಿನ ಖರ್ಚಿಲ್ಲದ, ಹೋದರೆ ಊರವರು ಏನೆಂದಾರೋ ಎಂದು ಅಂಜುವ ತಂದೆತಾಯಿಗಳ ಮಕ್ಕಳು ತಾವಾಗಿಯೇ ನಡೆದು ಬರುವ ಒಂದೇ ಸಾರ್ವಜನಿಕ ಸ್ಥಳ ಸರ್ಕಾರಿ ಶಾಲೆ. ಆಸರೆಯ ಸ್ಥಾನವೂ ಅದೇ ಆಗಬೇಕಾದುದು ಸಹಜ.

ಈ ಆಲೋಚನೆ ಹೊಸದೇನೂ ಅಲ್ಲ. ಕಲಿಯಲಾರದ ಮಕ್ಕಳಿಗಾಗಿ ಲೈಟ್ನರ್ ವಿಟ್ಮರ್ ಅವರು ಅಮೆರಿಕದ ಫಿಲಡೆಲ್ಫಿಯದಲ್ಲಿ ಮನಶ್ಶಾಸ್ತ್ರದ ಮೊದಲ ಚಿಕಿತ್ಸಾಲಯವನ್ನು ತೆರೆದದ್ದು 1896ರಲ್ಲಿ. ಲಂಡನ್ನಿನ ಪೌರಮಂಡಲಿ ತನ್ನ ಶಾಲೆಗಳಿಗಾಗಿ ಒಬ್ಬ ಮನಶ್ಶಾಸ್ತ್ರಜ್ಞರನ್ನು ನೇಮಿಸಿಕೊಂಡದ್ದು 1913ರಲ್ಲಿ. ಮುಂಬಯಿಯಲ್ಲಿ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ವಿದ್ಯಾಲಯವು 1937ರಲ್ಲಿಯೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ಆರಂಭಿಸಿತು. ಸ್ವಾತಂತ್ರ್ಯಾನಂತರ ಮುದಲಿಯಾರ್ ಆಯೋಗವೂ ಕೊಠಾರಿ ಆಯೋಗವೂ ಶಾಲೆಗಳಲ್ಲಿ ಮಾರ್ಗದರ್ಶನ ಸೇವೆಯಿರಬೇಕೆಂದು ಶಿಫಾರಸು ಮಾಡಿದವು. ಶಿಫಾರಸು ಗ್ರಂಥಾಲಯವನ್ನು ಸೇರಿತು. ಹಳ್ಳಿಯ ಶಾಲೆಯನ್ನು ಸೇರಲಿಲ್ಲ.

ಕರ್ನಾಟಕಕ್ಕಂತೂ ಈ ಕ್ಷೇತ್ರದಲ್ಲಿ ಹೆಮ್ಮೆಪಡತಕ್ಕ ಪರಂಪರೆಯಿದೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದಾಗ ಅದನ್ನು ಕಟ್ಟಿ ಬೆಳೆಸಿದವರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು, ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮನೋವೈದ್ಯರ ಕೊರತೆಯ ನಾಡಿನಲ್ಲಿ ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕಲು ಆ ಸಂಸ್ಥೆ 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತಕ್ಕ ತರಬೇತಿ ಕೊಟ್ಟು, ಅವರ ಬೆನ್ನಿಗೆ ತಜ್ಞರು ನಿಂತರೆ ಬಹಳಷ್ಟು ರೋಗಿಗಳಿಗೆ ತಮ್ಮ ಊರಿನ ಬಳಿಯೇ ನೆರವು ದೊರಕುವುದೆಂದು ತೋರಿಸಿಕೊಟ್ಟಿತು. 1996ರಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ. ಅದೇ ಸಂಸ್ಥೆಯಲ್ಲಿ ಮಾಳವಿಕಾ ಕಪೂರ್ ಅವರು ಉಪಾಧ್ಯಾಯರಿಗೆ ಮಕ್ಕಳ ತೊಂದರೆಗಳನ್ನು ಗುರುತಿಸಲು ಕಲಿಸುತ್ತ, ಶಾಲಾ ಮಾನಸಿಕ ಆರೋಗ್ಯವೆಂಬ ಶಾಖೆಗೆ ಭಾರತದಲ್ಲಿ ಬುನಾದಿ ಹಾಕಿದವರಲ್ಲಿ ಪ್ರಮುಖರಾದರು. ಹದಿಹರೆಯದವರಿಗಾಗಿ ಜೀವನಕೌಶಲದ ಪಾಠಗಳನ್ನು ಅಲ್ಲಿಯೇ ರೂಪಿಸಿ ನಮ್ಮ ಪ್ರೌಢಶಾಲೆಗಳಲ್ಲಿ ಆಚರಣೆಗೆ ತಂದುದೂ ಉಂಟು.

ಕಳೆದ ಕೆಲವು ವರ್ಷಗಳಲ್ಲಿ ಯೋಜನೆಗಳಿಗೂ ಕೊರತೆಯಾಗಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿತು. ಆಯುಷ್ಮಾನ್ ಭಾರತದ ಅಂಗವಾಗಿ 2020ರಲ್ಲಿ ಮೊದಲಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ, ಪ್ರತಿ ಶಾಲೆಯ ಒಬ್ಬ ಉಪಾಧ್ಯಾಯರನ್ನೂ ಒಬ್ಬ ಉಪಾಧ್ಯಾಯಿನಿಯನ್ನೂ ಆರೋಗ್ಯದ ರಾಯಭಾರಿಗಳನ್ನಾಗಿ ನೇಮಿಸಿ, ಹನ್ನೊಂದು ವಿಷಯಗಳನ್ನು ಅವರು ಕಲಿಸಬೇಕೆಂದು ಗೊತ್ತುಮಾಡಿದರು. ಭಾವನೆಗಳ ಕ್ಷೇಮ ಆ ಹನ್ನೊಂದರಲ್ಲೊಂದು. ಅದೇ ವರ್ಷ ಕೋವಿಡ್ ಮಹಾಮಾರಿಯ ನಡುವೆ, ವಿದ್ಯಾರ್ಥಿಗಳ ಮನಸ್ಸಿಗೆ ನೆರವಾಗಲೆಂದು ಮನೋದರ್ಪಣವೆಂಬ ಯೋಜನೆ ಬಂದಿತು. 2022ರ ಅಕ್ಟೋಬರ್ 10ರಂದು ಟೆಲಿ–ಮಾನಸ್ ಆರಂಭವಾಗಿ, 14416 ಎಂಬ ಸಂಖ್ಯೆಗೆ ಕರೆಮಾಡಿದ ಯಾರಿಗಾದರೂ ಹಗಲಿರುಳೂ ನೆರವು ದೊರೆಯುವಂತಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್ಕುಗಳಿವೆ. 2025ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ಹೊಂದಿರಬೇಕೆಂದೂ, ಅದಕ್ಕಿಂತ ಕಡಿಮೆಯಿರುವ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಕ್ರಮಬದ್ಧ ಸಂಪರ್ಕವನ್ನಿರಿಸಿಕೊಳ್ಳಬೇಕೆಂದೂ ನಿರ್ದೇಶಿಸಿತು.

ಇಷ್ಟೆಲ್ಲ ಇದ್ದೂ ಆಸರೆ ಮಗುವಿನ ಬಳಿಗೆ ಏಕೆ ಬಂದಿಲ್ಲ? ಕಾನೂನೂ ದೂರವಾಣಿಯೂ ಪಠ್ಯವೂ ಸಿದ್ಧವಾಗಿ, ಅವುಗಳಿಗೂ ಮಗುವಿಗೂ ನಡುವೆ ನಿಲ್ಲಬೇಕಾದ ಮನುಷ್ಯರ ಸ್ಥಾನವನ್ನು ನಾವು ಖಾಲಿ ಬಿಟ್ಟು, ಆ ಕೆಲಸವನ್ನು ಆಗಲೇ ಭಾರ ಹೊತ್ತಿರುವ ಉಪಾಧ್ಯಾಯರ ಹೆಗಲಿಗೇ ಏರಿಸಿದುದರಿಂದ ಎಂದು ನನ್ನ ನಂಬಿಕೆ. ಇದನ್ನು ಒಂದು ಪ್ರಸಂಗದಿಂದ ವಿಶದಪಡಿಸುತ್ತೇನೆ.

ಕೃಷ್ಣಾ ತುಂಗಭದ್ರೆಗಳ ನಡುವಣ ತಾಲ್ಲೂಕೊಂದರ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಹೋಗಿದ್ದಾಗ, ಆರನೆಯ ತರಗತಿಯ ಹುಡುಗನೊಬ್ಬನ ಮೇಲೆ ದೂರುಗಳ ಸುರಿಮಳೆಯಾಗಿತ್ತು. ಬಿಸಿಯೂಟದ ಗಂಟೆಗೆ ಮುಂಚೆ ಯಾರೊಡನೆಯಾದರೂ ಜಗಳ ತೆಗೆಯುವನು. ಊಟವಾದ ಮೇಲೆ ಗೋಡೆ ಹಾರಿ ಕಣ್ಮರೆಯಾಗುವನು. ಮೊಟ್ಟೆ ಕೊಟ್ಟ ದಿನ ಎರಡನೆಯದಕ್ಕೆ ಕೈಯೊಡ್ಡಿ, ಕೊಡದಿದ್ದರೆ ಚಿಕ್ಕವರಿಂದ ಕಿತ್ತುಕೊಳ್ಳುವನು. ಆ ದಿನ ತರಗತಿಯ ಉಪಾಧ್ಯಾಯಿನಿ ಅವನನ್ನು ಕರೆಸಿ ವಿಚಾರಣೆ ಮಾಡುವುದಕ್ಕೆ ಬದಲಾಗಿ, ಅವನು ತಟ್ಟೆ ತೊಳೆಯುತ್ತಿದ್ದ ನಲ್ಲಿಯ ಕಟ್ಟೆಯ ಮೇಲೆ ತಾವೂ ಹೋಗಿ ಕುಳಿತು, ಬಹಳ ಹೊತ್ತು ಸುಮ್ಮನಿದ್ದು, "ಮನ್ಯಾಗ ಅಡಗಿ ಯಾರು ಮಾಡ್ತಾರಪ್ಪ?" ಎಂದು ಕೇಳಿದರು. ತಟ್ಟೆಯಿಂದ ತಲೆಯೆತ್ತದೆಯೇ ಹುಡುಗ ಹೇಳಿದ: "ನಾನ ಮಾಡ್ತೀನ್ರೀ, ಅಕ್ಕೋರ." ಉಳಿದುದು ತುಣುಕು ತುಣುಕಾಗಿ ಹೊರಬಂದಿತು. ದಸರೆ ಕಳೆದ ಮೇಲೆ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಮನೆಯಲ್ಲಿರುವುದು ಕಣ್ಣು ಮಂಜಾದ ಅಜ್ಜಿ, ಮೂರು ವರ್ಷದ ತಂಗಿ. ಮಧ್ಯಾಹ್ನ ಅವನು ಓಡಿಹೋಗುತ್ತಿದ್ದುದು ತಂಗಿಯನ್ನು ನೋಡಲು, ಮೊಟ್ಟೆಯೂ ಅವಳಿಗಾಗಿಯೇ. ಆ ಹುಡುಗನಿಗೆ ಔಷಧ ಬೇಕಾಗಿರಲಿಲ್ಲ. ಅಂಗನವಾಡಿಯ ಕಾರ್ಯಕರ್ತೆಯೊಡನೆ ಮಾತನಾಡಿ ತಂಗಿಯನ್ನು ಅಲ್ಲಿಗೆ ಸೇರಿಸಿದರು; ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಒಪ್ಪಿದರು; ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವನು ತಾಯಿಯೊಡನೆ ಫೋನಿನಲ್ಲಿ ಮಾತನಾಡುವ ಏರ್ಪಾಡಾಯಿತು. ಜಗಳ ಒಮ್ಮೆಲೇ ನಿಂತಿತೆಂದಾಗಲಿ, ಓದು ಚುರುಕಾಯಿತೆಂದಾಗಲಿ ಹೇಳಲಾರೆ; ಆದರೆ ಗೋಡೆ ಹಾರುವುದು ನಿಂತಿತು.

ಈ ಪ್ರಸಂಗದಲ್ಲಿ ನನ್ನನ್ನು ಕಾಡಿದ ಅಂಶ ಬೇರೆ. ಆ ಉಪಾಧ್ಯಾಯಿನಿಗೆ ಆ ಅರ್ಧ ಗಂಟೆ ಬಿಡುವು ಸಿಕ್ಕಿದ್ದು, ಗಣಿತದ ಮೇಷ್ಟ್ರು ಅಂದು ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡದ್ದರಿಂದ. ಆ ಮೇಷ್ಟ್ರು ತರಬೇತಿಗೋ, ಮತದಾರರ ಪಟ್ಟಿಯ ಕೆಲಸಕ್ಕೋ, ಬಿಸಿಯೂಟದ ಲೆಕ್ಕ ಬರೆಯಲೋ ಹೋಗಿದ್ದಿದ್ದರೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಹುಡುಗನ ಹೆಸರು ಒಂದೆರಡು ವರ್ಷದಲ್ಲಿ ಶಾಲೆ ಬಿಟ್ಟವರ ಪಟ್ಟಿಗೆ ಸೇರುತ್ತಿದ್ದಿತು. ಮಗುವಿನ ಭವಿಷ್ಯ ಉಪಾಧ್ಯಾಯರ ಸೌಜನ್ಯವನ್ನೂ ಅದೃಷ್ಟದ ಬಿಡುವನ್ನೂ ಅವಲಂಬಿಸಿರುವುದು ನ್ಯಾಯವಲ್ಲ.

ಈ ಕೆಲಸಕ್ಕೆ ಉಪಾಧ್ಯಾಯರಲ್ಲದೆ ಬೇರೊಬ್ಬರು ಬೇಕೆಂಬುದು ನನ್ನೊಬ್ಬನ ಅನಿಸಿಕೆಯೆಂದು ತಾವು ತಿಳಿಯಬೇಕಾಗಿಲ್ಲ. ಬಿಹಾರದ ನಾಲಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೆಹೆರ್ ಎಂಬ ಹೆಸರಿನಿಂದ ನಡೆದು, 2018ರಲ್ಲಿ ಲಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಯನ್ನೇ ನೇರವಾಗಿ ಪರೀಕ್ಷಿಸಿತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿಯ ಉಪಾಧ್ಯಾಯರ ಕೈಗೂ, ಇನ್ನು ಕೆಲವು ಶಾಲೆಗಳಲ್ಲಿ ಈ ಕೆಲಸಕ್ಕೆಂದೇ ತರಬೇತಾದ, ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ, ಸಾಮಾನ್ಯ ಕಾರ್ಯಕರ್ತರ ಕೈಗೂ ಒಪ್ಪಿಸಿದರು. ಮಿಕ್ಕ ಶಾಲೆಗಳಲ್ಲಿ ಸರ್ಕಾರದ ಎಂದಿನ ಹದಿಹರೆಯದ ಶಿಕ್ಷಣವಷ್ಟೇ ನಡೆಯಿತು. ಗೋಡೆಪತ್ರಿಕೆ, ಮಕ್ಕಳು ತಮ್ಮ ಅಹವಾಲನ್ನು ಚೀಟಿಯಲ್ಲಿ ಬರೆದು ಹಾಕುವ ಪೆಟ್ಟಿಗೆ, ವಿದ್ಯಾರ್ಥಿಗಳ ಕೂಟ, ಬೇಕಾದವರಿಗೆ ಆಪ್ತಸಮಾಲೋಚನೆ, ಇವೇ ಆ ಕಾರ್ಯಕ್ರಮದ ಸಾಮಗ್ರಿ. ಪ್ರತ್ಯೇಕ ಕಾರ್ಯಕರ್ತರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿ, ಖಿನ್ನತೆಯೂ ಪರಸ್ಪರ ಪೀಡನೆಯೂ ಹಿಂಸೆಯೂ ತಗ್ಗಿದವು. ಉಪಾಧ್ಯಾಯರೇ ನಡೆಸಿದ ಶಾಲೆಗಳಲ್ಲಿ, ಎಂದಿನ ಶಿಕ್ಷಣವಷ್ಟೇ ನಡೆದ ಶಾಲೆಗಳಿಗಿಂತ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಉಪಾಧ್ಯಾಯರಲ್ಲಿ ಕರುಣೆಯಿಲ್ಲವೆಂದು ಇದರ ಅರ್ಥ ಮಾಡುವುದು ಅನ್ಯಾಯ. ಅಂಕ ಕೊಡುವವರ, ಶಿಸ್ತನ್ನು ಕಾಯುವವರ ಮುಂದೆ ಮಗು ಎದೆ ಬಿಚ್ಚಲು ಹಿಂಜರಿಯುತ್ತದೆ. ಬಿಚ್ಚಿದರೂ ಕೇಳಲು ಅವರಿಗೆ ಹೊತ್ತಿಲ್ಲ. ದೆಹಲಿಯ ಆರು ಸರ್ಕಾರಿ ಶಾಲೆಗಳಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ, ಇಂಥದೇ ಸಾಮಾನ್ಯ ಸಲಹೆಗಾರರು ಮಕ್ಕಳೊಡನೆ ನಾಲ್ಕೈದು ಸಲ ಮಾತ್ರ ಕುಳಿತು, ತೊಂದರೆಯನ್ನು ಬಿಡಿಸಿ ನೋಡಿ ಉಪಾಯ ಹುಡುಕುವುದನ್ನು ಕಲಿಸಿದಾಗ, ಮಕ್ಕಳು ತಾವೇ ಹೆಸರಿಸಿದ ತೊಂದರೆಗಳ ಭಾರ ಕೆಲವೇ ವಾರಗಳಲ್ಲಿ ಇಳಿಯಿತು. ರೋಗಲಕ್ಷಣಗಳ ಅಳತೆಯಲ್ಲಿ ಅಷ್ಟು ಸ್ಪಷ್ಟ ಅಂತರ ಕಾಣಲಿಲ್ಲ. ಎಲ್ಲವೂ ಮಾತಿನಿಂದ ಗುಣವಾಗದು, ತಜ್ಞರ ಬಾಗಿಲು ತೆರೆದೇ ಇರಬೇಕು ಎಂಬ ಎಚ್ಚರಿಕೆಯೂ ಇದರಲ್ಲಿದೆ.

ಹಾಗಾದರೆ ನಮ್ಮಲ್ಲಿ ಏನು ಮಾಡಬಹುದು? ನಮ್ಮ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ನೂರು ಮಕ್ಕಳಿಲ್ಲ. ಶಾಲೆಗೊಬ್ಬ ಸಮಾಲೋಚಕರೆಂಬುದು ಅಲ್ಲಿ ಸಾಧ್ಯವಾಗದ ಮಾತು. ಆದರೆ ಶಾಲೆಗಳನ್ನು ಕ್ಲಸ್ಟರುಗಳಾಗಿ ಕೂಡಿಸಿದ ವ್ಯವಸ್ಥೆ ಆಗಲೇ ಇದೆ. ದೊಡ್ಡ ಪ್ರೌಢಶಾಲೆಗೆ ಒಬ್ಬರು, ಸಣ್ಣ ಶಾಲೆಗಳಿಗೆ ಕ್ಲಸ್ಟರಿಗೊಬ್ಬರು. ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿದ, ಆ ಸೀಮೆಯ ಮಾತನ್ನಾಡುವ, ಸಾಧ್ಯವಾದಷ್ಟೂ ಆ ಸೀಮೆಯವರೇ ಆದ ಯುವಕ ಯುವತಿಯರು. ಪ್ರತಿ ಶಾಲೆಗೂ ವಾರದಲ್ಲಿ ಗೊತ್ತಾದ ಒಂದು ದಿನ ಅವರು ಬರಬೇಕು. ಅವರು ಬರುವ ದಿನ ಮಗುವಿಗೂ ಗೊತ್ತಿರಬೇಕು. ನಾಲ್ವರ ಕಣ್ಣಿಗೆ ಕಾಣುವ, ಆದರೆ ಕಿವಿಗೆ ಕೇಳಿಸದ ಒಂದು ಸ್ಥಳ, ಅದು ಕೊಠಡಿಯಾಗಲಿ ಬೇವಿನ ಮರದ ನೆರಳಾಗಲಿ, ಅವರಿಗೆ ಬೇಕು. ಬರೆದುಕೊಂಡದ್ದನ್ನು ಬೀಗದಲ್ಲಿಡಬೇಕು. ಮಗು ಹೇಳಿದ್ದು ಗುರುಕೊಠಡಿಯ ಚಹದ ಹೊತ್ತಿನ ಮಾತಾಗಕೂಡದು. ಆದರೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮುಚ್ಚಿಡುವುದಕ್ಕೆ ಪೋಕ್ಸೊ ಕಾಯಿದೆಯಲ್ಲಿ ಅವಕಾಶವಿಲ್ಲವೆಂಬುದನ್ನು ಅವರೂ ಉಪಾಧ್ಯಾಯರೂ ತಿಳಿದಿರಬೇಕು. ತಮ್ಮ ಶಕ್ತಿಗೆ ಮೀರಿದ ಮಗುವನ್ನು ಯಾವ ದಿನ, ಯಾವ ಆಸ್ಪತ್ರೆಯ, ಯಾವ ಕೊಠಡಿಗೆ ಕರೆದೊಯ್ಯಬೇಕೆಂಬುದು ಅವರಿಗೆ ಖಚಿತವಾಗಿ ಗೊತ್ತಿರುವಂತೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದೊಡನೆ ಅವರನ್ನು ಜೋಡಿಸಬೇಕು. ಆ ತಂಡದವರು ತಿಂಗಳಿಗೊಮ್ಮೆಯಾದರೂ ಅವರೊಡನೆ ಕುಳಿತು ಕಠಿನ ಪ್ರಕರಣಗಳನ್ನು ಚರ್ಚಿಸಬೇಕು. ಬೇರೆಯವರ ದುಃಖವನ್ನು ದಿನವೂ ಕೇಳುವವರಿಗೆ ತಮ್ಮ ಭಾರವನ್ನು ಇಳಿಸಲು ಒಂದು ಹೆಗಲು ಬೇಡವೆ?

ಇವರು ಬಂದರೆಂದು ಉಪಾಧ್ಯಾಯರ ಪಾತ್ರ ಕಿರಿದಾಗುವುದಿಲ್ಲ. ಮೊದಲು ಗಮನಿಸುವವರು ಎಂದಿಗೂ ಅವರೇ. ಯಾವ ಮಗು ಇದ್ದಕ್ಕಿದ್ದಂತೆ ಹಿಂದಿನ ಸಾಲಿಗೆ ಸರಿಯಿತು, ಯಾವ ಮಗುವಿನ ಅಕ್ಷರ ಕೆಟ್ಟಿತು, ಸೋಮವಾರಗಳಲ್ಲಿ ಯಾರು ಗೈರುಹಾಜರು ಎಂಬುದು ಅವರಿಗಲ್ಲದೆ ಮತ್ತಾರಿಗೂ ತಿಳಿಯದು. ಗಮನಿಸುವುದು ಅವರ ಕೆಲಸ. ಗಮನಿಸಿದ ಮೇಲೆ ಒಪ್ಪಿಸಲು ಒಬ್ಬರು ಇರಬೇಕಾದುದು ಅವರ ಹಕ್ಕು.

ವಸತಿಶಾಲೆಗಳ ವಿಷಯದಲ್ಲಿ ಈ ಮಾತು ಇಮ್ಮಡಿ ಸತ್ಯ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಕಸ್ತೂರಬಾ ಗಾಂಧಿ ಹೆಸರಿನ ಶಾಲೆಗಳಲ್ಲಿ, ಹಿಂದುಳಿದವರ, ದಲಿತರ, ಆದಿವಾಸಿಗಳ ಮಕ್ಕಳು ಹತ್ತು ಹನ್ನೊಂದರ ವಯಸ್ಸಿಗೇ ತಾಯಿಯ ಮಗ್ಗುಲನ್ನು ಬಿಟ್ಟು ಬಂದಿರುತ್ತಾರೆ. ಸಂಜೆಯ ಪ್ರಾರ್ಥನೆ ಮುಗಿದು ದೀಪ ಆರುವವರೆಗಿನ ಆ ದೀರ್ಘ ಹೊತ್ತಿನಲ್ಲಿ ಅವರ ಬಳಿ ಇರುವವರು ವಾರ್ಡನ್ ಮತ್ತು ಅಡುಗೆಯವರು. ಮೊದಲ ಹುದ್ದೆಗಳು ಅಲ್ಲಿಗೇ ಸಲ್ಲಬೇಕು.

ಎರಡು ಆಕ್ಷೇಪಗಳನ್ನು ನಾನು ಕೇಳಿದ್ದೇನೆ; ಎರಡೂ ಪ್ರಾಮಾಣಿಕವಾದವು. ಒಂದು, ಹೀಗೆ ಮಾಡಿದರೆ ಚೇಷ್ಟೆಯ ಮಕ್ಕಳಿಗೆಲ್ಲ ರೋಗಿಯೆಂಬ ಹಣೆಪಟ್ಟಿ ಬೀಳುವುದೆಂಬ ಅಂಜಿಕೆ. ಹಣೆಪಟ್ಟಿ ಈಗಾಗಲೇ ಬಿದ್ದಿದೆ. ದಡ್ಡ, ಪೋಕರಿ, ಕಳ್ಳ ಎಂಬ ಹೆಸರುಗಳು ಯಾವ ರೋಗದ ಹೆಸರಿಗಿಂತಲೂ ಕ್ರೂರವಾದವು. ಬಲ್ಲವರೊಬ್ಬರು ಹತ್ತಿರದಲ್ಲಿದ್ದರೆ, ಬಹುಪಾಲು ಮಕ್ಕಳಿಗೆ ಚಿಕಿತ್ಸೆ ಬೇಕಾಗಿಲ್ಲ, ಪರಿಸ್ಥಿತಿಯ ಸುಧಾರಣೆ ಸಾಕು ಎಂಬುದು ತಿಳಿಯುತ್ತದೆ, ಪಟ್ಟಿ ಕಳಚುತ್ತದೆ. ಎರಡನೆಯದು ವೆಚ್ಚದ ಮಾತು. ಹುದ್ದೆ ಎಂದೊಡನೆ ವೇತನ, ಪಿಂಚಣಿ, ಬೊಕ್ಕಸ ನೆನಪಾಗುವುದು ಸಹಜ. ಆದರೆ ಕಟ್ಟಡ, ಪುಸ್ತಕ, ಅನ್ನ, ಉಪಾಧ್ಯಾಯರ ಸಂಬಳಗಳಿಗೆ ರಾಜ್ಯ ಮಾಡಿದ ಎಲ್ಲ ವ್ಯಯವೂ, ಎಂಟನೆಯ ತರಗತಿಯಲ್ಲಿ ಮಗು ಶಾಲೆ ಬಿಟ್ಟ ದಿನ ಆ ಮಗುವಿನ ಮಟ್ಟಿಗೆ ವ್ಯರ್ಥವಾಗುತ್ತದೆಂಬುದನ್ನೂ ಅದೇ ಲೆಕ್ಕಪುಸ್ತಕದಲ್ಲಿ ಬರೆಯಬೇಕು. ಉಳ್ಳವರ ಮಕ್ಕಳು ಓದುವ ನಗರದ ಖಾಸಗಿ ಶಾಲೆಗಳಲ್ಲಿ ಸಮಾಲೋಚಕರ ಕೊಠಡಿಯನ್ನು ಪ್ರವೇಶದ ದಿನವೇ ತೋರಿಸುತ್ತಾರೆ. ಉಳ್ಳವರ ಮಗುವಿಗೆ ಅವಶ್ಯವಾದುದು ಕೂಲಿಯವರ ಮಗುವಿಗೆ ಅನವಶ್ಯವೆಂದು ಯಾವ ನ್ಯಾಯದಿಂದ ಹೇಳೋಣ?

ಆದುದರಿಂದ ಈ ಸಭೆಯಲ್ಲಿರುವ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರನ್ನೂ, ಪಂಚಾಯತಿಯ ಪ್ರತಿನಿಧಿಗಳನ್ನೂ, ಇಲಾಖೆಯ ಅಧಿಕಾರಿಗಳನ್ನೂ, ಮಕ್ಕಳ ತಾಯಿತಂದೆಯರನ್ನೂ ನಾನು ಪ್ರಾರ್ಥಿಸಿಕೊಳ್ಳುವುದು ಇಷ್ಟೆ. ನಿಮ್ಮ ಊರಿನ ಶಾಲೆಯ ಮುಂದಿನ ಸಭೆಯಲ್ಲಿ, ಕೊಠಡಿಯ ದುರಸ್ತಿ, ಕಾಂಪೌಂಡು, ಶೌಚಾಲಯಗಳ ವಿಷಯ ಮುಗಿದ ಮೇಲೆ, ಒಂದು ಪ್ರಶ್ನೆಯನ್ನು ನಡವಳಿ ಪುಸ್ತಕಕ್ಕೆ ಬರೆಸಿರಿ: ನಮ್ಮ ಶಾಲೆಯಲ್ಲಿ ಮಗುವಿನ ಮಾತನ್ನು ಕೇಳುವುದು ಯಾರ ಕೆಲಸ, ಅದಕ್ಕೆ ಗೊತ್ತಾದ ದಿನ ಯಾವುದು? ಉತ್ತರವಿಲ್ಲದಿದ್ದರೆ, ಉತ್ತರವಿಲ್ಲವೆಂದೇ ಬರೆಸಿ ಮೇಲಕ್ಕೆ ಕಳುಹಿಸಿರಿ. ಬಿಸಿಯೂಟ ನಮ್ಮ ಶಾಲೆಗಳಿಗೆ ಬಂದದ್ದು ಅದು ಮಕ್ಕಳ ಹಕ್ಕೆಂದು ಜನ ಕೇಳಿದುದರಿಂದ, ನ್ಯಾಯಾಲಯ ಎತ್ತಿಹಿಡಿದುದರಿಂದ. ನ್ಯಾಯಾಲಯ ಈ ವಿಷಯದಲ್ಲಿಯೂ ತನ್ನ ಮಾತನ್ನು ಹೇಳಿಯಾಗಿದೆ. ಇನ್ನು ಕೇಳಬೇಕಾದವರು ನಾವು.